ಪೈಥಾನ್ ಅಳವಡಿಸಿದರೂ ಪರದೆ ಮೌನವೇಕೆ?

ತಂತ್ರಾಂಶದ ಅಳವಡಿಕೆ ಯಶಸ್ವಿಯಾಯಿತು ಎಂಬ ಸಂದೇಶ ಬಂದಾಗಿದೆ. ಪ್ರೋಗ್ರಾಮಿಂಗ್ ಕಲಿಯಲು ಹೊರಟ ವಿದ್ಯಾರ್ಥಿ ಕಮಾಂಡ್ ಪ್ರಾಂಪ್ಟ್ ತೆರೆದು, ಪೈಥಾನ್‌ನ ಆವೃತ್ತಿ ಯಾವುದೆಂದು ಕೇಳುವ ಆಜ್ಞೆ ಬೆರಳಚ್ಚಿಸಿ ಎಂಟರ್ ಕೀಲಿ ಒತ್ತುತ್ತಾನೆ. ಆವೃತ್ತಿಯ ಸಂಖ್ಯೆಯೂ ಇಲ್ಲ, ದೋಷದ ಸೂಚನೆಯೂ ಇಲ್ಲ. ಮುಂದಿನ ಸಾಲಿನಲ್ಲಿ ಕರ್ಸರ್ ಮಿನುಗುತ್ತದೆ, ಅಷ್ಟೇ. ತಂತ್ರಾಂಶವನ್ನು ತೆಗೆದು ಮತ್ತೆ ಅಳವಡಿಸಿದರೂ ಅದೇ ಮೌನ. ಕಲಿಕೆಯ ಮೊದಲ ದಿನವೇ 'ಇದು ನನ್ನಿಂದಾಗದು' ಎಂಬ ಅಳುಕು ಮೂಡಲು ಇಷ್ಟು ಸಾಕು.

2019ರ ನಂತರ ವಿಂಡೋಸ್ ಬಳಸುವ ಅನೇಕರನ್ನು ಕಾಡಿದ ಒಗಟು ಇದು. ತಪ್ಪು ಕಲಿಯುವವರದ್ದಲ್ಲ, ಅಳವಡಿಸಿದ ಪೈಥಾನ್‌ನದ್ದೂ ಅಲ್ಲ. ಆಜ್ಞೆಗೆ ಓಗೊಟ್ಟದ್ದು ಬೇರೆಯೇ ಒಂದು ಕಡತ!

2019ರ ಮೇ ತಿಂಗಳ ವಿಂಡೋಸ್ 10 ನವೀಕರಣದೊಂದಿಗೆ ಮೈಕ್ರೋಸಾಫ್ಟ್ ಸಂಸ್ಥೆ ಪೈಥಾನ್ ಹೆಸರಿನ ಪುಟ್ಟ ಕಡತವೊಂದನ್ನು ಸೇರಿಸಿತು. ಅದು ನಿಜವಾದ ಪೈಥಾನ್ ಅಲ್ಲ. ಪೈಥಾನ್ ಇಲ್ಲದ ಗಣಕದಲ್ಲಿ ಆ ಹೆಸರನ್ನು ಬೆರಳಚ್ಚಿಸಿದರೆ ಮೈಕ್ರೋಸಾಫ್ಟ್ ಸ್ಟೋರ್‌ಗೆ ದಾರಿ ತೋರುವುದಷ್ಟೇ ಅದರ ಕೆಲಸ. ಆದರೆ ಹೆಸರಿನ ಜತೆಗೆ ಬೇರೇನನ್ನಾದರೂ ಕೇಳಿದರೆ ಅದು ಸದ್ದಿಲ್ಲದೆ ಮುಗಿದುಹೋಗುತ್ತಿತ್ತು. 'ಪೈಥಾನ್ ದೊರಕಲಿಲ್ಲ' ಎಂಬರ್ಥದ ಸಂದೇಶ ತೋರಿಸುವ ವ್ಯವಸ್ಥೆ ಬಂದದ್ದು ನಂತರದ ನವೀಕರಣಗಳಲ್ಲಿ.

ನಿಜವಾದ ಪೈಥಾನ್ ಇದ್ದರೂ ಇದು ಅಡ್ಡ ಬರುವುದೇಕೆ? ಯಾವ ಆಜ್ಞೆಯನ್ನು ಯಾವ ಫೋಲ್ಡರ್‌ಗಳಲ್ಲಿ ಹುಡುಕಬೇಕೆಂಬ ಪಟ್ಟಿಯೊಂದು ಗಣಕದಲ್ಲಿರುತ್ತದೆ. ಇದಕ್ಕೆ 'ಪಾತ್' ಎಂದು ಹೆಸರು. ಗಣಕವು ಪಟ್ಟಿಯನ್ನು ಕ್ರಮವಾಗಿ ನೋಡುತ್ತಾ, ಮೊದಲು ಸಿಕ್ಕಿದ್ದನ್ನೇ ಚಲಾಯಿಸುತ್ತದೆ. ಪೈಥಾನ್‌ನ ಸಾಂಪ್ರದಾಯಿಕ ಇನ್‌ಸ್ಟಾಲರ್‌ನಲ್ಲಿ ಪಾತ್‌ಗೆ ಸೇರಿಸುವ ಚೌಕವು ತಾನಾಗಿ ಗುರುತಾಗಿರುವುದಿಲ್ಲ. ಅದನ್ನು ಗಮನಿಸದೆ ಮುಂದುವರಿದರೆ ಹೊಸ ತಂತ್ರಾಂಶ ಪಟ್ಟಿಯಿಂದ ಹೊರಗುಳಿಯುತ್ತದೆ.

ಪರಿಹಾರ ಸುಲಭ. ಮೊದಲು ಕಮಾಂಡ್ ಪ್ರಾಂಪ್ಟ್ ಮುಚ್ಚಿ ಹೊಸದಾಗಿ ತೆರೆಯಬೇಕು. ಹಳೆಯ ಕಿಟಕಿಗೆ ಪಾತ್‌ನ ಬದಲಾವಣೆ ತಿಳಿಯದು. ಬಳಿಕ 'ವೇರ್ ಪೈಥಾನ್' ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬೆರಳಚ್ಚಿಸಿದರೆ, ಆ ಹೆಸರಿನ ಕಡತಗಳು ಎಲ್ಲೆಲ್ಲಿವೆ ಎಂಬುದು ಕ್ರಮವಾಗಿ ಕಾಣುತ್ತದೆ. ಮೊದಲ ಸಾಲಿನಲ್ಲಿ 'ವಿಂಡೋಸ್‌ಆ್ಯಪ್ಸ್' ಎಂಬ ಫೋಲ್ಡರ್ ಇದ್ದು, ಪೈಥಾನನ್ನು ಸ್ಟೋರ್‌ನಿಂದ ಪಡೆದಿರದಿದ್ದರೆ, ಅಡ್ಡ ಬಂದದ್ದು ಆ ಪುಟ್ಟ ಕಡತವೇ. ಸೆಟ್ಟಿಂಗ್ಸ್‌ನಲ್ಲಿ 'ಆ್ಯಪ್ ಎಕ್ಸಿಕ್ಯೂಷನ್ ಅಲಿಯಾಸಸ್' ವಿಭಾಗ ಹುಡುಕಿ, ಅಲ್ಲಿ ಪೈಥಾನ್ ಹೆಸರಿನ ಗುಂಡಿಗಳನ್ನು ಆಫ್ ಮಾಡಬೇಕು. ನಂತರ ಇನ್‌ಸ್ಟಾಲರನ್ನು ಮತ್ತೆ ತೆರೆದು, ಪಾತ್‌ಗೆ ಸೇರಿಸುವ ಚೌಕವನ್ನು ಗುರುತಿಸಬೇಕು.

ಎಲ್ಲ ಮೌನವೂ ದೋಷವಲ್ಲ ಎಂಬುದೂ ನೆನಪಿರಲಿ. ಯುನಿಕ್ಸ್, ಲಿನಕ್ಸ್‌ಗಳಲ್ಲಿ ಕಡತವನ್ನು ನಕಲು ಮಾಡುವ ಆಜ್ಞೆ ಕೆಲಸ ಸರಿಯಾಗಿ ಮುಗಿದರೆ ಏನನ್ನೂ ಹೇಳುವುದಿಲ್ಲ. ತೊಂದರೆಯಾದರೆ ಮಾತ್ರ ಬಾಯಿ ಬಿಡುತ್ತದೆ. ಆದರೆ ಆವೃತ್ತಿ ಯಾವುದೆಂದು ಕೇಳಿದ ಪ್ರಶ್ನೆಗೆ ಉತ್ತರ ಬರಲೇಬೇಕು. ಬಾರದಿದ್ದಾಗ ತಂತ್ರಾಂಶವನ್ನು ಕಿತ್ತೊಗೆಯುವ ಮುನ್ನ, ಕರೆಗೆ ಓಗೊಟ್ಟವರು ಯಾರು ಎಂದು ವಿಚಾರಿಸುವುದು ಜಾಣತನ.