ಶಿವಾಜಿ ಪಾರ್ಕಿನ ಕಂಬ, ಕಲ್ಯಾಣದ ನಂಟು

ಊರು ಬಿಟ್ಟು ಮುಂಬೈ ಸೇರಿದ ನಮ್ಮಂಥ ಐಟಿ ಮಂದಿಗೆ ಚೆನ್ನಾಗಿ ಪರಿಚಯವಾಗುವುದು ಮೂರೇ ಜಾಗ: ಆಫೀಸು, ಬಾಡಿಗೆ ಮನೆ, ಇವೆರಡರ ನಡುವಿನ ಲೋಕಲ್ ಟ್ರೈನು. ಹತ್ತು ತಾಸು ಕುರ್ಚಿಯಲ್ಲಿ ಕುಳಿತು ಎದ್ದರೆ ಕತ್ತು ಹಿಡಿದಿರುತ್ತದೆ, ಸೊಂಟ ನೋಯುತ್ತಿರುತ್ತದೆ. ಜಿಮ್ಮಿಗೆ ಸೇರಿದರೆ ಅಲ್ಲೂ ಎಲ್ಲರ ಕಿವಿಯಲ್ಲಿ ಇಯರ್‌ಫೋನು. ವರ್ಷ ಕಳೆದರೂ ಪಕ್ಕದವರ ಹೆಸರು ಗೊತ್ತಾಗುವುದಿಲ್ಲ. ಆದರೆ ಇದೇ ಊರಿನಲ್ಲಿ ಬೇರೊಂದು ದಾರಿಯೂ ಇದೆ. ಅದರ ಹೆಸರು ಮಲ್ಲಕಂಬ.

ಕನ್ನಡಿಗರಿಗೆ ಈ ಹೆಸರನ್ನು ಬಿಡಿಸಿ ಹೇಳಬೇಕಾಗಿಲ್ಲ. ಕುಸ್ತಿಯ ಮಲ್ಲರು ಮೈ ಪಳಗಿಸಲು ಬಳಸುತ್ತಿದ್ದ ಮರದ ಕಂಬವೇ ಇಂದು ಪ್ರತ್ಯೇಕ ಕ್ರೀಡೆಯಾಗಿದೆ. ಮಲ್ಲರ ಕಂಬದ ಅಭ್ಯಾಸದ ಹಳೆಯ ಉಲ್ಲೇಖ ಸಿಗುವುದು 12ನೇ ಶತಮಾನದ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥದಲ್ಲಿ. ಅದರ ಕರ್ತೃ ಕಲ್ಯಾಣ ಚಾಲುಕ್ಯರ ದೊರೆ ಮೂರನೇ ಸೋಮೇಶ್ವರ. ‘ಭೂಲೋಕಮಲ್ಲ’ ಎಂಬುದು ಅವನ ಬಿರುದು. ಅವನ ರಾಜಧಾನಿ ನಮ್ಮ ಬೀದರ್ ಜಿಲ್ಲೆಯ ಇಂದಿನ ಬಸವಕಲ್ಯಾಣ. ಮುಂದೆ ಎರಡನೇ ಬಾಜೀರಾವ್ ಪೇಶ್ವೆಯ ಕಾಲದಲ್ಲಿ ಬಾಳಂಭಟ್ಟ ದಾದಾ ದೇವಧರ ಅವರು ಈ ವಿದ್ಯೆಗೆ ಮರುಜೀವ ಕೊಟ್ಟರು. ಮಹಾರಾಷ್ಟ್ರದ ವ್ಯಾಯಾಮಶಾಲೆಗಳಲ್ಲಿ ಅದು ಬೇರು ಬಿಟ್ಟಿತು.

ದಾದರ್‌ನ ಶಿವಾಜಿ ಪಾರ್ಕಿನಲ್ಲಿರುವ ಶ್ರೀ ಸಮರ್ಥ ವ್ಯಾಯಾಮ ಮಂದಿರ 1925ರಲ್ಲಿ ಶುರುವಾದದ್ದು. ಅಲ್ಲಿ ತಲೆಮಾರುಗಳಿಗೆ ಮಲ್ಲಕಂಬ ಕಲಿಸಿದ ಉದಯ ದೇಶಪಾಂಡೆ ಅವರಿಗೆ 2024ರಲ್ಲಿ ಪದ್ಮಶ್ರೀ ಬಂತು. ಮೊದಲ ವಿಶ್ವ ಮಲ್ಲಕಂಬ ಚಾಂಪಿಯನ್‌ಷಿಪ್ ನಡೆದದ್ದೂ ಶಿವಾಜಿ ಪಾರ್ಕಿನಲ್ಲೇ, 2019ರ ಫೆಬ್ರುವರಿಯಲ್ಲಿ.

ನಾನು ಹೋಗುವುದು ಮನೆ ಹತ್ತಿರದ ಒಂದು ಸಣ್ಣ ವ್ಯಾಯಾಮಶಾಲೆಗೆ, ವಾರಕ್ಕೆ ಮೂರು ದಿನ. ಬಯಲಿನಲ್ಲಿ ಎರಡು ಕಂಬ, ನಾಲ್ಕು ಹಗ್ಗ, ಕೆಳಗೆ ದಪ್ಪ ಹಾಸು. ಸರದಿಯಲ್ಲಿ ನನ್ನ ಮುಂದೆ ಎಂಟು ವರ್ಷದ ಹುಡುಗಿ, ಹಿಂದೆ ಬ್ಯಾಂಕಿನಿಂದ ನಿವೃತ್ತರಾದ ಕಾಕಾ. ಎಂ.ಟೆಕ್. ಪದವಿಗೆ ಇಲ್ಲಿ ಯಾವ ಬೆಲೆಯೂ ಇಲ್ಲ. ಆ ಹುಡುಗಿ ಸರಾಗವಾಗಿ ಹತ್ತಿ ಇಳಿದು, ‘ಕಾಕಾ, ಸಾವಕಾಶ’ ಅನ್ನುತ್ತಾಳೆ. ಮರಾಠಿಯ ಈ ‘ಸಾವಕಾಶ’ ಧಾರವಾಡದ ಕಡೆಯವನಾದ ನನಗೆ ಮನೆಯ ಮಾತೇ.

ನೆಟ್ಟ ಕಂಬ ನೆಲದಿಂದ ಸುಮಾರು ಎಂಟೂವರೆ ಅಡಿ ಎತ್ತರವಿರುತ್ತದೆ. ಮೇಲೆ ಹೋದಂತೆ ಸಪೂರ. ಚರ್ಮ ಉಜ್ಜಿ ಕಿತ್ತುಹೋಗದಿರಲೆಂದು ಹರಳೆಣ್ಣೆ ಸವರುತ್ತಾರೆ. ಹಾಗೆಂದು ಎಣ್ಣೆ ಹೆಚ್ಚಾದರೆ ಹಿಡಿತವೇ ಸಿಗದು. ಹತ್ತಿಯ ಹಗ್ಗದ್ದು ಇನ್ನೊಂದು ಬಗೆ: ಎಲ್ಲೂ ಗಂಟು ಹಾಕುವಂತಿಲ್ಲ, ಕಾಲಿನ ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ಸಂದಿಯಲ್ಲಿ ಹಗ್ಗ ಸಿಕ್ಕಿಸಿ ಮೇಲೇರಬೇಕು. ಮೊದಲ ಪಾಠ ‘ಅಢಿ’, ಅಂದರೆ ಕಾಲು ಹೆಣೆದು ಕಂಬ ಹಿಡಿಯುವುದು. ಅಲ್ಲಿ ತೊಡೆ ಮತ್ತು ಹೊಟ್ಟೆಯ ಸ್ನಾಯುಗಳು ಭಾರ ಹೊರುತ್ತವೆ. ವರ್ಷಗಟ್ಟಲೆ ಕುರ್ಚಿಗೆ ಒಗ್ಗಿದ ದೇಹ ಅವನ್ನೇ ಮರೆತಿರುತ್ತದೆ.

ತೋಳ್ಬಲ ಸಾಲದು ಎಂಬುದು ಬೇಗ ತಿಳಿಯುತ್ತದೆ, ಅಂಜಿಕೆ ಬಿಡಲು ಮಾತ್ರ ತಿಂಗಳುಗಳೇ ಬೇಕು. ಎರಡೂ ಕೈ ಬಿಟ್ಟು ತಲೆಕೆಳಗಾಗಿ ನಿಲ್ಲಲು ನನಗೆ ಏಳು ತಿಂಗಳು ಹಿಡಿಯಿತು. ಆ ಹೊತ್ತಿನಲ್ಲಿ ಸರ್ ಕೈ ಬೆನ್ನ ಹಿಂದೆಯೇ ಇತ್ತು. ಬಿದ್ದರೆ ಹಿಡಿಯುವವರು ಇದ್ದಾರೆ ಎಂಬ ನಂಬಿಕೆಯಿಲ್ಲದೆ ಯಾರೂ ಕೈ ಬಿಡುವುದಿಲ್ಲ.

ಸುದ್ದಿ ತಿಳಿದಾಗ ಅವ್ವ ಫೋನಿನಲ್ಲಿ ಕೇಳಿದ್ದು ಒಂದೇ ಮಾತು: ‘ಅಲ್ಲೋ ತಮ್ಮಾ, ಬಿದ್ದು ಕೈಕಾಲು ಮುರಕೊಂಡ್ರ ಅಲ್ಲಿ ನಿನ್ನ ನೋಡಾವ್ರು ಯಾರದಾರ?’ ಹೊರನಾಡಿನಲ್ಲಿ ಒಬ್ಬರೇ ಇರುವ ಎಲ್ಲರ ಎದುರಿಗೂ ಇರುವ ಪ್ರಶ್ನೆ ಇದು. ಕಳೆದ ಮಳೆಗಾಲದಲ್ಲಿ ಉತ್ತರ ಸಿಕ್ಕಿತು. ಡೆಂಗಿ ಜ್ವರದಿಂದ ಮಲಗಿದ್ದೆ. ಆಫೀಸಿನಲ್ಲಿ ರಜೆ ಮಂಜೂರಾಯಿತು, ಅಷ್ಟೇ. ಕ್ಲಾಸು ತಪ್ಪಿದ ಎರಡನೇ ದಿನಕ್ಕೆ ಬ್ಯಾಂಕಿನ ಕಾಕಾ ಮನೆ ಹುಡುಕಿಕೊಂಡು ಬಂದರು. ಕೈಯಲ್ಲಿ ಡಬ್ಬಿ, ಅದರಲ್ಲಿ ಬಿಸಿ ಮೆತ್ತನೆಯ ಅನ್ನ. ಪ್ಲೇಟ್‌ಲೆಟ್ ಎಣಿಕೆಗೆ ಆಸ್ಪತ್ರೆಗೆ ಕರೆದುಕೊಂಡು ಹೋದವರೂ ಅವರೇ. ನಾವು ಬರದಿದ್ದರೆ ಗಮನಿಸುವ ನಾಲ್ಕು ಜನ ಊರಲ್ಲಿದ್ದಾರೆ ಅನ್ನುವುದು ಯಾವ ಜಿಮ್ ಸದಸ್ಯತ್ವದಲ್ಲೂ ಸಿಗುವುದಿಲ್ಲ. ಅವ್ವ ಈಗ ಕಾಕಾನ ಯೋಗಕ್ಷೇಮವನ್ನೇ ಮೊದಲು ವಿಚಾರಿಸುತ್ತಾಳೆ.

ಸೇರುವ ಮನಸ್ಸಿದ್ದರೆ ಕೆಲವು ವಿಷಯ ನೆನಪಿಡಿ. ರಕ್ತದೊತ್ತಡ, ಬೆನ್ನು ಅಥವಾ ಭುಜದ ತೊಂದರೆ ಇದ್ದವರು ಮೊದಲು ವೈದ್ಯರನ್ನು ಕೇಳಿ. ಒಂದು ದಿನ ಸುಮ್ಮನೆ ಕುಳಿತು ಕ್ಲಾಸು ನೋಡಿ: ಕೆಳಗೆ ಹಾಸು ಇದೆಯೇ, ಹೊಸಬರ ಪಕ್ಕ ಯಾರಾದರೂ ನಿಲ್ಲುತ್ತಾರೆಯೇ, ಮೈ ಸಡಿಲಿಸುವ ವ್ಯಾಯಾಮಕ್ಕೆ ಸಮಯ ಕೊಡುತ್ತಾರೆಯೇ? ಉಂಗುರ, ವಾಚು, ಸರ ತೆಗೆದಿಡಿ. ಊಟವಾದ ಕೂಡಲೇ ಹೋಗಬೇಡಿ. ವಿಡಿಯೊ ನೋಡಿ ಮನೆಯಲ್ಲಿ ಹಗ್ಗ ಕಟ್ಟುವ ಸಾಹಸವಂತೂ ಬೇಡವೇ ಬೇಡ.

ಮುಂಬೈಯಲ್ಲಿ ಇಲ್ಲದವರೂ ಬೇಸರಿಸಬೇಕಿಲ್ಲ. ಪುಣೆಯಲ್ಲಿ ಸಹ್ಯಾದ್ರಿಯ ಬಂಡೆ ಹತ್ತುವುದನ್ನು ಕಲಿಸುವ ಗಿರಿಪ್ರೇಮಿಯಂಥ ಸಂಘಗಳಿವೆ. ಆ ಸಂಘದ ತಂಡ 2012ರಲ್ಲಿ ಎವರೆಸ್ಟ್ ಏರಿತ್ತು. ಚೆನ್ನೈಯವರಿಗೆ ಕೋಲು ತಿರುಗಿಸುವ ಸಿಲಂಬಂ ಇದೆ. ದೆಹಲಿಯಲ್ಲಿ ಭಾರತೀಯ ಪರ್ವತಾರೋಹಣ ಪ್ರತಿಷ್ಠಾನದ ಆವರಣದಲ್ಲೇ ಹತ್ತುವ ಗೋಡೆಯಿದೆ. ಯಾವುದಾದರೂ ಸರಿ, ಸ್ಥಳೀಯರ ಸಾಲಿನಲ್ಲಿ ನಿಂತು ಕಲಿಯಿರಿ. ಆ ಊರಿನ ಭಾಷೆಯೂ ಜೊತೆಗೇ ಬರುತ್ತದೆ.

ರಜೆಗೆ ಊರಿಗೆ ಹೋದಾಗ ಗದಗ, ಬಾಗಲಕೋಟೆ ಕಡೆ ಮಲ್ಲಕಂಬ ಕಲಿಯುವ ಮಕ್ಕಳನ್ನೊಮ್ಮೆ ನೋಡಿ ಬನ್ನಿ. ನಿಮ್ಮ ಮಕ್ಕಳನ್ನೂ ಕರೆದುಕೊಂಡು ಹೋಗಿ.