ಒಲ್ಲದ ದೀಕ್ಷೆಯ ಬಿಷಪ್

1798ರ ಫೆಬ್ರುವರಿ ತಿಂಗಳಿನಲ್ಲಿ ಫ್ರಾನ್ಸಿನ ವಿದೇಶಾಂಗ ಮಂತ್ರಿಯು ತನ್ನ ಸರ್ಕಾರಕ್ಕೆ ಒಂದು ವರದಿಯನ್ನು ಸಲ್ಲಿಸಿದನು. ಈಜಿಪ್ಟನ್ನು ವಶಪಡಿಸಿಕೊಂಡು ಭದ್ರಪಡಿಸಿದ ತರುವಾಯ ಸೂಯೆಜಿನಿಂದ 15,000 ಸೈನಿಕರನ್ನು ಭಾರತಕ್ಕೆ ಕಳುಹಿಸಬೇಕು. ಅವರು ಟಿಪ್ಪು ಸುಲ್ತಾನನ ಸೈನ್ಯವನ್ನು ಕೂಡಿಕೊಂಡು ಇಂಗ್ಲಿಷರನ್ನು ಹೊರಗಟ್ಟಬೇಕು ಎಂಬುದು ಅದರ ಒಂದು ಸಲಹೆಯಾಗಿತ್ತು. ಶ್ರೀರಂಗಪಟ್ಟಣದ ಭವಿಷ್ಯವನ್ನು ಪ್ಯಾರಿಸಿನಲ್ಲಿ ಕುಳಿತು ಹೀಗೆ ಚಿಂತಿಸಿದವನು ದಂಡನಾಯಕನಲ್ಲ. ಏಳು ವರ್ಷಗಳ ಹಿಂದಿನವರೆಗೂ ಕ್ಯಾಥೊಲಿಕ್ ಧರ್ಮಸಭೆಯ ಬಿಷಪ್ ಆಗಿದ್ದವನು. ಅವನೇ ಶಾರ್ಲ್ ಮೊರಿಸ್ ದ ಟ್ಯಾಲಿರಾಂಡ್.

ಟ್ಯಾಲಿರಾಂಡನು 1754ರ ಫೆಬ್ರುವರಿ 2ರಂದು ಪ್ಯಾರಿಸಿನ ಪುರಾತನ ಶ್ರೀಮಂತ ಮನೆತನವೊಂದರಲ್ಲಿ ಜನಿಸಿದನು. ಬದುಕುಳಿದ ಗಂಡುಮಕ್ಕಳಲ್ಲಿ ಅವನೇ ಹಿರಿಯನು. ಆ ಕಾಲದ ಪದ್ಧತಿಯಂತೆ ಮನೆತನದ ಬಿರುದೂ ಆಸ್ತಿಯೂ ಅವನಿಗೆ ಸಲ್ಲಬೇಕಾಗಿತ್ತು. ಆದರೆ ಅವನ ಒಂದು ಕಾಲು ಊನವಾಗಿತ್ತು. ಕುಂಟುವವನು ಸೈನ್ಯಕ್ಕೆ ಸೇರಲಾರ. ಸೈನ್ಯಕ್ಕೆ ಸೇರದವನು ಕುಲದ ಕೀರ್ತಿಯನ್ನು ಬೆಳಗಲಾರ ಎಂದು ತಂದೆತಾಯಿಗಳು ಎಣಿಸಿದರು. ಹಿರಿತನದ ಹಕ್ಕು ತಮ್ಮನ ಪಾಲಾಯಿತು. ಅಣ್ಣನನ್ನು ಧರ್ಮಸಭೆಗೆ ಒಪ್ಪಿಸಲಾಯಿತು. ಬಾಲಕನ ಇಚ್ಛೆಯನ್ನು ಯಾರೂ ಕೇಳಲಿಲ್ಲ. ಪ್ಯಾರಿಸಿನ ಸ್ಯಾನ್ ಸುಲ್ಪೀಸ್ ಗುರುಮಠದಲ್ಲಿ ಅವನು ಯಾರೊಡನೆಯೂ ಹೆಚ್ಚು ಮಾತನಾಡದೆ, ಗ್ರಂಥಾಲಯದಲ್ಲಿ ಇತಿಹಾಸದ ಪುಸ್ತಕಗಳನ್ನು ಓದುತ್ತ ದಿನಗಳನ್ನು ಕಳೆದನು. ಮುಂದೆ ಯೂರೋಪಿನ ಅರಸರನ್ನೆಲ್ಲ ಬೆರಗುಗೊಳಿಸಿದ ಅವನ ಮೌನಕ್ಕೆ ಇಲ್ಲಿಯೇ ಅಭ್ಯಾಸವಾಗಿರಬೇಕು. 1779ರ ಡಿಸೆಂಬರಿನಲ್ಲಿ ಅವನಿಗೆ ಗುರುದೀಕ್ಷೆಯಾಯಿತು.

ಇದು ಅವನೊಬ್ಬನ ಕಥೆಯಲ್ಲ. 1516ರ ಒಪ್ಪಂದದಂತೆ ಫ್ರಾನ್ಸಿನಲ್ಲಿ ಬಿಷಪ್ಪರನ್ನು ಹೆಸರಿಸುವ ಅಧಿಕಾರವು ದೊರೆಗೆ ಸೇರಿತ್ತು. ದೊರೆಯು ಆ ಪದವಿಗಳನ್ನು ತನ್ನ ಆಸ್ಥಾನದ ಶ್ರೀಮಂತರ ಮಕ್ಕಳಿಗೆ ಹಂಚುತ್ತಿದ್ದನು. ನಮ್ಮಲ್ಲಿ ಗುಡಿ ಮಠಗಳಿಗೆ ಇನಾಮು ಭೂಮಿಗಳಿದ್ದಂತೆ ಅಲ್ಲಿಯ ಧರ್ಮಸಭೆಗೂ ವಿಸ್ತಾರವಾದ ಭೂಮಿಯಿತ್ತು. ರೈತರ ಬೆಳೆಯಲ್ಲಿ ದಶಾಂಶವೆಂಬ ಪಾಲೂ ಅದಕ್ಕೆ ಸಲ್ಲುತ್ತಿತ್ತು. ಈ ಆದಾಯದ ದೊಡ್ಡ ಭಾಗವು ಮೇಲಿನವರ ಕೈಸೇರುತ್ತಿತ್ತು. ಹಳ್ಳಿಯಲ್ಲಿ ಮಳೆ ಚಳಿಯೆನ್ನದೆ ದುಡಿಯುವ ಸಾಮಾನ್ಯ ಪಾದ್ರಿಗೆ ವರ್ಷಕ್ಕೆ 700 ಲಿವ್ರ್ ನಾಣ್ಯಗಳು ದೊರೆತರೆ ಅದೇ ಹೆಚ್ಚು.

ಟ್ಯಾಲಿರಾಂಡನು ಜಪತಪಗಳ ಗೋಜಿಗೆ ಹೋದವನಲ್ಲ. ಇಸ್ಪೀಟಿನ ಜೂಜು, ರುಚಿಯಾದ ಊಟ, ಉತ್ತಮ ಗ್ರಂಥಗಳು, ಚತುರರ ಸಂಭಾಷಣೆ ಇವು ಅವನಿಗೆ ಪ್ರಿಯವಾಗಿದ್ದವು. ಆದರೂ ಅವನನ್ನು ಸೋಮಾರಿಯೆಂದು ಬಗೆಯುವುದು ತಪ್ಪಾದೀತು. 1780ರಲ್ಲಿ ಧರ್ಮಸಭೆಯ ಮಹಾಪ್ರತಿನಿಧಿಯಾಗಿ ನೇಮಕಗೊಂಡು, ಐದು ವರ್ಷಗಳ ಕಾಲ ಅದರ ಆಸ್ತಿಯ ಲೆಕ್ಕಪತ್ರಗಳನ್ನು ನೋಡಿಕೊಂಡನು; ಆ ಆಸ್ತಿಗೆ ರಾಜನ ಅಧಿಕಾರಿಗಳು ಕೈಹಾಕದಂತೆ ವಾದಿಸಿದನು. 1788ರ ನವೆಂಬರಿನಲ್ಲಿ ಹದಿನಾರನೆಯ ಲೂಯಿಯು ಅವನನ್ನು ಓತಂ ನಗರದ ಬಿಷಪ್ಪನನ್ನಾಗಿ ಹೆಸರಿಸಿದನು. ತನ್ನ ಪೀಠವಿದ್ದ ಆ ಊರಿನಲ್ಲಿ ಅವನು ವಾಸವಾಗಿದ್ದುದು ಸುಮಾರು ಒಂದೇ ತಿಂಗಳು! ಅಲ್ಲಿಯ ಪಾದ್ರಿಗಳ ಪ್ರತಿನಿಧಿಯಾಗಿ ಮಹಾಸಭೆಗೆ ಆಯ್ಕೆಯಾದೊಡನೆಯೇ, 1789ರ ಏಪ್ರಿಲಿನಲ್ಲಿ, ಪ್ಯಾರಿಸಿಗೆ ಹಿಂದಿರುಗಿದನು.

ಅಷ್ಟರಲ್ಲಿ ಮಹಾಕ್ರಾಂತಿಯು ಆರಂಭವಾಯಿತು. ರಾಜ್ಯದ ಬೊಕ್ಕಸ ಬರಿದಾಗಿತ್ತು. 1789ರ ಅಕ್ಟೋಬರ್ 10ರಂದು ಟ್ಯಾಲಿರಾಂಡನು ಸಭೆಯಲ್ಲಿ ಎದ್ದುನಿಂತು, ಧರ್ಮಸಭೆಯ ಆಸ್ತಿಯನ್ನು ರಾಷ್ಟ್ರವು ವಹಿಸಿಕೊಳ್ಳಬೇಕೆಂದು ಸೂಚಿಸಿದನು. ಯಾವ ಆಸ್ತಿಯನ್ನು ಕಾಪಾಡಲು ಐದು ವರ್ಷ ವಾದಿಸಿದ್ದನೋ ಅದೇ ಆಸ್ತಿ! ಅವನ ತರ್ಕ ಹೀಗಿತ್ತು: ಭಕ್ತರು ಈ ಭೂಮಿಯನ್ನು ಕೊಟ್ಟದ್ದು ಪಾದ್ರಿಗಳ ಸುಖಕ್ಕಲ್ಲ, ಪೂಜೆಗಾಗಿ, ಬಡವರ ಪೋಷಣೆಗಾಗಿ. ಆ ಹೊಣೆಯನ್ನು ರಾಷ್ಟ್ರವೇ ಹೊತ್ತರೆ ಭೂಮಿಯೂ ರಾಷ್ಟ್ರಕ್ಕೆ ಸಲ್ಲಬೇಕು. ನವೆಂಬರ್ 2ರಂದು ನಿರ್ಣಯವು ಅಂಗೀಕೃತವಾಯಿತು. ಪ್ರತಿಯೊಬ್ಬ ಹಳ್ಳಿಯ ಪಾದ್ರಿಗೂ ವರ್ಷಕ್ಕೆ 1,200 ಲಿವ್ರ್‌ಗಳಿಗೆ ಕಡಮೆಯಿಲ್ಲದ ವೇತನವನ್ನೂ ಮನೆಯನ್ನೂ ಕೊಡಬೇಕೆಂದು ಅದರಲ್ಲಿ ವಿಧಿಸಲಾಗಿತ್ತು. ಧರ್ಮದ್ರೋಹಿಯೆಂದು ಅನೇಕರು ಅವನನ್ನು ಶಪಿಸಿದರು. ತನ್ನ ಪದವಿಯ ಆದಾಯವನ್ನೂ ಅವನು ಈ ಮೂಲಕ ಕಳೆದುಕೊಂಡನೆಂಬುದು ನಿಜ. ಗಾಳಿ ಬೀಸುವ ದಿಕ್ಕನ್ನು ಇತರರಿಗಿಂತ ಮೊದಲೇ ಅರಿತನೆಂಬುದೂ ನಿಜ.

1790ರ ಜುಲೈ 14ರಂದು, ಕ್ರಾಂತಿಯ ವಾರ್ಷಿಕೋತ್ಸವದಲ್ಲಿ, ಸುರಿಯುವ ಮಳೆಯಲ್ಲಿ ಅಪಾರ ಜನಸ್ತೋಮದ ಎದುರು ಬಲಿಪೂಜೆಯನ್ನು ನೆರವೇರಿಸಿದವನು ಇವನೇ. ಮರುವರ್ಷ ಬಿಷಪ್ ಪದವಿಗೆ ರಾಜೀನಾಮೆಯಿತ್ತನು. ಆದರೂ ಪೋಪರ ಅಪ್ಪಣೆಯಿಲ್ಲದೆ ಹೊಸ ಬಿಷಪ್ಪರಿಗೆ ಪಟ್ಟಗಟ್ಟಿ ಅವರ ಕೋಪಕ್ಕೆ ಗುರಿಯಾದನು. ಕ್ರಾಂತಿಯು ಉಗ್ರವಾದಾಗ ಇಂಗ್ಲೆಂಡಿನಲ್ಲಿಯೂ ಅಮೆರಿಕದಲ್ಲಿಯೂ ತಲೆಮರೆಸಿಕೊಂಡಿದ್ದು, 1796ರಲ್ಲಿ ಹಿಂದಿರುಗಿದನು. ಮರುವರ್ಷವೇ ವಿದೇಶಾಂಗ ಮಂತ್ರಿಯಾದನು. ಮಾತುಕತೆಗೆ ಬಂದ ಅಮೆರಿಕದ ದೂತರಿಂದ ಅವನ ಕಡೆಯವರು ಲಂಚ ಕೇಳಿದ ಸಂಗತಿ ಬಯಲಾಗಿ, ಆ ದೇಶದಲ್ಲಿ ದೊಡ್ಡ ಕೋಲಾಹಲವೇ ಎದ್ದಿತು.

ಟಿಪ್ಪುವಿಗೆ ನೆರವಾಗುವ ಯೋಜನೆಯು ಬರಹದಲ್ಲಿಯೇ ಉಳಿಯಿತು. 1798ರ ಆಗಸ್ಟಿನಲ್ಲಿ ನೆಲ್ಸನ್ನನು ನೈಲ್ ನದಿಯ ಮುಖದ ಬಳಿ ಫ್ರೆಂಚ್ ನೌಕಾಬಲವನ್ನು ನಾಶಪಡಿಸಿದನು. ನೆಪೋಲಿಯನ್ನನು 1799ರ ಜನವರಿಯಲ್ಲಿ ಕೈರೋದಿಂದ ಟಿಪ್ಪುವಿಗೆ ಬರೆದ ಪತ್ರವೂ ಇಂಗ್ಲಿಷರ ಕೈಗೆ ಸಿಕ್ಕಿತು. ಆ ವರ್ಷದ ಮೇ 4ರಂದು ಟಿಪ್ಪುವು ತನ್ನ ಕೋಟೆಯಲ್ಲಿಯೇ ಹೋರಾಡಿ ಮಡಿದನು. ಸೂಯೆಜಿನಿಂದ ಒಬ್ಬ ಸೈನಿಕನೂ ಬರಲಿಲ್ಲ. ಕೋಟೆ ಬಿದ್ದ ಮೇಲೆ ಅಲ್ಲಿಗೆ ಬಂದ ಫ್ರೆಂಚನೆಂದರೆ ಪಾದ್ರಿ ದ್ಯೂಬ್ವಾ. ಯಾವ ಪಟ್ಟವೂ ಇಲ್ಲದ ಆತನು ಈ ನಾಡಿನವರಂತೆ ಉಟ್ಟು ಉಂಡು, 1823ರವರೆಗೆ ಇಲ್ಲಿಯೇ ಸೇವೆ ಮಾಡಿದನು.

ಟ್ಯಾಲಿರಾಂಡನ ಭಾಗ್ಯ ಮಾತ್ರ ಕುಂದಲಿಲ್ಲ. 1802ರಲ್ಲಿ ಅವನು ಕ್ಯಾಥರೀನ್ ಗ್ರಾಂಡ್ ಎಂಬಾಕೆಯನ್ನು ಮದುವೆಯಾದನು. ಆಕೆ ಹುಟ್ಟಿದುದು ತಮಿಳುನಾಡಿನ ತರಂಗಂಬಾಡಿಯಲ್ಲಿ. ಅವನನ್ನು ಗೃಹಸ್ಥನೆಂದು ಪರಿಗಣಿಸಲು ಪೋಪರು ಒಪ್ಪಿದ್ದರೇ ಹೊರತು ವಿವಾಹಕ್ಕೆ ಅನುಮತಿ ಇತ್ತಿರಲಿಲ್ಲ. ನೆಪೋಲಿಯನ್ನನಿಗೆ ಮಂತ್ರಿಯಾಗಿದ್ದವನೇ ಅವನ ಪತನಕ್ಕೂ ನೆರವಾದನು. ಮರುವರ್ಷದವರೆಗೆ ನಡೆದ 1814ರ ವಿಯೆನ್ನಾ ಸಮ್ಮೇಳನದಲ್ಲಿ, ಸೋತ ಫ್ರಾನ್ಸನ್ನು ಗೆದ್ದವರ ಸಾಲಿನಲ್ಲಿ ಕೂರಿಸಿದ್ದು ಅವನ ಜಾಣ್ಮೆಯ ಪರಮಾವಧಿ.

1838ರ ಮೇ 17ರಂದು, ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ, ಅವನು ಮರಣಶಯ್ಯೆಯಲ್ಲಿದ್ದನು. ಧರ್ಮಸಭೆಯೊಡನೆ ರಾಜಿಯಾಗುವ ಪತ್ರಕ್ಕೆ ಸಹಿಮಾಡುವುದನ್ನು ಕೊನೆಯವರೆಗೂ ಮುಂದೂಡುತ್ತಿದ್ದವನು ಅಂದು ಮುಂಜಾನೆ ಸಹಿ ಹಾಕಿದನು. ಅಂತ್ಯಸಂಸ್ಕಾರದ ಎಣ್ಣೆಯನ್ನು ಆಗ ಸಾಮಾನ್ಯರಿಗೆ ಅಂಗೈಗೆ ಲೇಪಿಸುತ್ತಿದ್ದರು. ಗುರುದೀಕ್ಷೆ ಪಡೆದವರ ಅಂಗೈಗಳು ದೀಕ್ಷೆಯ ದಿನವೇ ಅಭಿಷಿಕ್ತವಾಗಿರುವುದರಿಂದ ಅವರಿಗೆ ಮುಂಗೈಗೆ ಲೇಪಿಸುವುದು ಕ್ರಮವಾಗಿತ್ತು. ಪಾದ್ರಿಯು ಎಣ್ಣೆಯನ್ನು ತಂದಾಗ ಟ್ಯಾಲಿರಾಂಡನು ಮುಷ್ಟಿಗಳನ್ನು ಮಡಿಸಿ, ಮುಂಗೈಗಳನ್ನೇ ಮುಂದೆ ಚಾಚಿದನು. ತಾನು ಬಿಷಪ್ ಎಂಬುದನ್ನು ಮರೆಯಬಾರದೆಂದು ಆ ಪಾದ್ರಿಗೆ ನೆನಪಿಸಿದನು.