ಯಾವ ಕಂಪನಿಯ ಹಾರ್ಡ್ ಡಿಸ್ಕ್ ಗಟ್ಟಿ?

ಹಾರ್ಡ್ ಡಿಸ್ಕ್ ಕೊಳ್ಳಲು ಹೊರಟವರು ಮೊದಲು ವಿಚಾರಿಸುವುದು ಕಂಪನಿಯ ಹೆಸರನ್ನು. ಯಾರನ್ನು ಕೇಳಿದರೂ ಉತ್ತರ ಸಿದ್ಧವಾಗಿರುತ್ತದೆ, ಒಬ್ಬರದು ಇನ್ನೊಬ್ಬರದಕ್ಕೆ ತಾಳೆಯಾಗುವುದಿಲ್ಲ ಅಷ್ಟೆ. ಅಂಗಡಿಯವರು ಒಂದು ಹೆಸರು ಹೇಳಿದರೆ, ಆಫೀಸಿನ ಕಂಪ್ಯೂಟರ್ ನೋಡಿಕೊಳ್ಳುವ ಹುಡುಗ ‘ಅದೊಂದನ್ನು ಬಿಟ್ಟು ಬೇರೆ ಯಾವುದಾದರೂ ತಗೊಳ್ಳಿ ಸಾರ್’ ಎನ್ನುತ್ತಾನೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ, ತಮ್ಮ ಕಣ್ಣೆದುರು ಕೈಕೊಟ್ಟ ನಾಲ್ಕೈದು ಡಿಸ್ಕುಗಳ ಲೆಕ್ಕ ಒಪ್ಪಿಸುತ್ತಿದ್ದಾರೆ. ಅಷ್ಟಕ್ಕೂ ಆರಿಸಿಕೊಳ್ಳಲು ಉಳಿದಿರುವುದಾದರೂ ಎಷ್ಟು? ಮ್ಯಾಕ್ಸ್‌ಟರ್ 2006ರಲ್ಲಿ, ಸ್ಯಾಮ್ಸಂಗ್‌ನ ಹಾರ್ಡ್ ಡಿಸ್ಕ್ ವಿಭಾಗ 2011ರಲ್ಲಿ ಸೀಗೇಟ್ ಪಾಲಾದವು. ಹಿಟಾಚಿಯ ವಿಭಾಗ 2012ರಲ್ಲಿ ವೆಸ್ಟರ್ನ್ ಡಿಜಿಟಲ್ ಕೈ ಸೇರಿತು. ತೋಷಿಬಾವನ್ನೂ ಸೇರಿಸಿದರೆ ಇಡೀ ಜಗತ್ತಿಗೆ ಮೂರೇ ತಯಾರಕರು. ಡಬ್ಬಿಯ ಮೇಲೆ ಬೇರೆ ಹೆಸರಿದ್ದರೂ ಒಳಗಿರುವುದು ಈ ಮೂವರಲ್ಲಿ ಒಬ್ಬರ ಮಾಲೇ.

ಕಂಪನಿಗಳು ತಾವೇ ಕೊಡುವ ಅಂಕಿಯೊಂದಿದೆ: ಎಂಟಿಬಿಎಫ್, ಅಂದರೆ ಎರಡು ಕೆಡುವಿಕೆಗಳ ನಡುವಿನ ಸರಾಸರಿ ಕಾಲ. ದುಬಾರಿ ಡಿಸ್ಕುಗಳ ವಿವರಪತ್ರದಲ್ಲಿ ಇದು 10 ಲಕ್ಷ ಗಂಟೆ ಎಂದಿರುವುದುಂಟು. ವರ್ಷಕ್ಕೆ 8,760 ಗಂಟೆಯಂತೆ ಭಾಗಿಸಿದರೆ 114 ವರ್ಷ! ನಿಮ್ಮ ಡಿಸ್ಕು ಮೊಮ್ಮಕ್ಕಳ ಕಾಲಕ್ಕೂ ತಿರುಗುತ್ತದೆಂದು ಇದರ ಅರ್ಥವಲ್ಲ. ಇಪ್ಪತ್ತೈದರ ಹರೆಯದ ಸಾವಿರ ಮಂದಿಯಲ್ಲಿ ವರ್ಷಕ್ಕೆ ಒಬ್ಬ ತೀರಿಕೊಂಡರೆ, ಆ ಊರಿನವರ ಆಯಸ್ಸು ಸಾವಿರ ವರ್ಷ ಎಂದು ಬೋರ್ಡು ಹಾಕಿದಂತೆ ಈ ಲೆಕ್ಕ. ಮುಪ್ಪು ಅದರೊಳಗೆ ಬರುವುದೇ ಇಲ್ಲ. 10 ಲಕ್ಷ ಗಂಟೆಯನ್ನು ನಮಗೆ ಬೇಕಾದ ರೂಪಕ್ಕೆ ತಿರುಗಿಸಿದರೆ, ನೂರು ಡಿಸ್ಕುಗಳಲ್ಲಿ ವರ್ಷಕ್ಕೆ ಒಂದಕ್ಕಿಂತ ತುಸು ಕಡಿಮೆ, ಶೇ 0.88, ಕೆಡಬೇಕು. 2007ರಲ್ಲಿ ಅಮೆರಿಕದ ಕಾರ್ನಿಗಿ ಮೆಲನ್ ವಿಶ್ವವಿದ್ಯಾಲಯದ ಬಿಯಾಂಕಾ ಶ್ರೋಡರ್ ಮತ್ತು ಗಾರ್ತ್ ಗಿಬ್ಸನ್ ಸುಮಾರು ಒಂದು ಲಕ್ಷ ಡಿಸ್ಕುಗಳ ದಾಖಲೆ ತೆಗೆದು ನೋಡಿದರು. ಬದಲಿಸಬೇಕಾಗಿ ಬಂದ ಪ್ರಮಾಣ ಸಾಮಾನ್ಯವಾಗಿ ವರ್ಷಕ್ಕೆ ಶೇ 2ರಿಂದ 4, ಕೆಲವು ಕಡೆ ಶೇ 13ರವರೆಗೂ ಇತ್ತು. ಹೊಸತರಲ್ಲಿ ಒಂದಷ್ಟು ಕೆಟ್ಟು, ಬದುಕಿ ಉಳಿದವು ವರ್ಷಗಟ್ಟಲೆ ನೆಮ್ಮದಿಯಾಗಿರುತ್ತವೆ ಎಂಬ ನಂಬಿಕೆಯೂ ಅಲ್ಲಿ ನಿಲ್ಲಲಿಲ್ಲ. ವಯಸ್ಸಾದಂತೆ ಕೆಡುವ ಪ್ರಮಾಣ ಏರುತ್ತಲೇ ಹೋಗಿತ್ತು.

ಎಂಟಿಬಿಎಫ್‌ಗಿಂತ ನಾನು ನೆಚ್ಚುವುದು ವಾರಂಟಿಯ ವರ್ಷಗಳನ್ನು. ಅದರ ಹಿಂದೆ ಕಂಪನಿಯ ಸ್ವಂತ ದುಡ್ಡಿರುತ್ತದೆ. ಮಾಮೂಲಿ ಡೆಸ್ಕ್‌ಟಾಪ್ ಡಿಸ್ಕಿಗೆ ಸಾಮಾನ್ಯವಾಗಿ ಎರಡು ವರ್ಷ, ನೆಟ್‌ವರ್ಕಿಗೆ ಜೋಡಿಸುವ ನಾಸ್ ಪೆಟ್ಟಿಗೆಗೆಂದು ಮಾಡಿದ್ದಕ್ಕೆ ಮೂರು, ಡೇಟಾ ಸೆಂಟರ್ ದರ್ಜೆಯದಕ್ಕೆ ಐದು. 2011ರಲ್ಲಿ ಥಾಯ್ಲೆಂಡ್‌ನ ಪ್ರವಾಹಕ್ಕೆ ಕಾರ್ಖಾನೆಗಳು ಮುಳುಗಿ ಡಿಸ್ಕಿನ ಬೆಲೆ ಗಗನಕ್ಕೇರಿದಾಗ ಸೀಗೇಟ್, ವೆಸ್ಟರ್ನ್ ಡಿಜಿಟಲ್ ಎರಡೂ ತಮ್ಮ ಅನೇಕ ಡೆಸ್ಕ್‌ಟಾಪ್ ಡಿಸ್ಕುಗಳ ವಾರಂಟಿ ಇಳಿಸಿದವು. ವಿವರಪತ್ರದ ಲಕ್ಷಗಟ್ಟಲೆ ಗಂಟೆಗಳು ಯಾರನ್ನೂ ತಡೆಯಲಿಲ್ಲ.

ಹೊರಗಿನವರು ಇಟ್ಟ ಲೆಕ್ಕ ಬೇಕೆಂದರೆ ಸದ್ಯಕ್ಕೆ ಎಲ್ಲರೂ ನೋಡುವುದು ಕ್ಯಾಲಿಫೋರ್ನಿಯಾದ ಬ್ಯಾಕ್‌ಬ್ಲೇಜ್ ಕಂಪನಿಯದು. ಜನರ ಫೈಲುಗಳನ್ನು ಬ್ಯಾಕಪ್ ಇಟ್ಟುಕೊಳ್ಳುವುದೇ ಅದರ ವ್ಯಾಪಾರ. 2013ರಿಂದ ತನ್ನ ಪ್ರತಿಯೊಂದು ಡಿಸ್ಕಿನ ದಿನದಿನದ ಸ್ಥಿತಿ ಬರೆದಿಟ್ಟು, ಯಾವ ಮಾಡೆಲ್ ಎಷ್ಟು ಕೆಟ್ಟಿತು ಎಂಬುದನ್ನು ಪ್ರಕಟಿಸುತ್ತ ಬಂದಿದೆ. ಈಗ ಅಲ್ಲಿ 3 ಲಕ್ಷಕ್ಕೂ ಹೆಚ್ಚು ಡಿಸ್ಕುಗಳು ತಿರುಗುತ್ತಿವೆ. ಎಲ್ಲ ಮಾಡೆಲ್‌ಗಳನ್ನೂ ಸೇರಿಸಿದರೆ ಕೆಟ್ಟ ಪ್ರಮಾಣ 2021ರಲ್ಲಿ ಶೇ 1.01, 2023ರಲ್ಲಿ ಶೇ 1.70, 2024ರಲ್ಲಿ ಶೇ 1.57.

ಈ ಶೇಕಡಾವಾರು ಹುಟ್ಟುವ ಬಗೆಯನ್ನು ಕೊಂಚ ನಿಧಾನವಾಗಿ ನೋಡಬೇಕು, ಪಟ್ಟಿ ಓದುವವರು ಎಡವುವುದು ಇಲ್ಲೇ. ಡಿಸ್ಕುಗಳನ್ನು ಎಣಿಸಿದರೆ ಸಾಲದು, ಎಷ್ಟು ದಿನ ದುಡಿದವು ಎಂಬುದನ್ನೂ ಎಣಿಸಬೇಕು. 1,200 ಡಿಸ್ಕುಗಳು 90 ದಿನ ಓಡಿದವು ಎನ್ನೋಣ. ಒಟ್ಟು 1,08,000 ಡಿಸ್ಕ್-ದಿನಗಳಾದವು. 365ರಿಂದ ಭಾಗಿಸಿದರೆ ಸುಮಾರು 296 ಡಿಸ್ಕ್-ವರ್ಷ. ಅಷ್ಟರಲ್ಲಿ 4 ಕೆಟ್ಟಿದ್ದರೆ ವಾರ್ಷಿಕ ಪ್ರಮಾಣ ಶೇ 1.35. ಇದು ಸರಳ. ಈಗ ಅದೇ ಪಟ್ಟಿಯ ಇನ್ನೊಂದು ಸಾಲಿನಲ್ಲಿ ಕೇವಲ 60 ಡಿಸ್ಕುಗಳಿರುವ ಮಾಡೆಲ್ ಇದೆ, ಮೂರು ತಿಂಗಳಲ್ಲಿ ಒಂದೂ ಕೆಟ್ಟಿಲ್ಲ ಎಂದಿಟ್ಟುಕೊಳ್ಳಿ. ಸೊನ್ನೆ ಕಂಡ ಕೂಡಲೇ ಅದೇ ಎಲ್ಲಕ್ಕಿಂತ ಗಟ್ಟಿ ಅನ್ನಿಸುತ್ತದೆ. ಆದರೆ ಅವು ದುಡಿದದ್ದು ಒಟ್ಟು 15 ಡಿಸ್ಕ್-ವರ್ಷ ಮಾತ್ರ. ಕೊನೆಯ ದಿನ ಸಂಜೆ ಒಂದೇ ಒಂದು ಕೈಕೊಟ್ಟಿದ್ದರೂ ಆ ಸೊನ್ನೆ ಶೇ 6.7ಕ್ಕೆ ಜಿಗಿದು, ಮಾಡೆಲ್ಲು ಪಟ್ಟಿಯ ತಳ ಸೇರುತ್ತಿತ್ತು. ಸಂಖ್ಯಾಶಾಸ್ತ್ರದವರ ಒಂದು ಒರಟು ಸೂತ್ರವಿದೆ: ಒಂದೂ ಕೆಡದಿದ್ದರೆ 3ನ್ನು ದುಡಿದ ಡಿಸ್ಕ್-ವರ್ಷಗಳಿಂದ ಭಾಗಿಸಿ, ನಿಜವಾದ ಪ್ರಮಾಣ ಅಲ್ಲಿಯವರೆಗೂ ಇದ್ದೀತು. ಇಲ್ಲಿ 15ರಿಂದ ಭಾಗಿಸಿದರೆ ಶೇ 20. ಸೊನ್ನೆಯಿಂದ ಇಪ್ಪತ್ತರವರೆಗೆ ಎಲ್ಲಿ ಬೇಕಾದರೂ ಇರಬಹುದಾದ ಅಂಕಿಯನ್ನು ನೋಡಿ ಯಾವ ತೀರ್ಮಾನಕ್ಕೂ ಬರಲಾಗದು. ಅಂಗಡಿಯವರ ನಾಲ್ಕೈದು ಡಿಸ್ಕುಗಳ ಅನುಭವದ ತೂಕ ಎಷ್ಟೆಂದು ಇದರಿಂದಲೇ ಊಹಿಸಬಹುದು. ಆನ್‌ಲೈನ್ ಮಾರಾಟದವರ ನಕ್ಷತ್ರಗಳಂತೂ ಇನ್ನೂ ಹಗುರ. ಡಿಸ್ಕು ಚೆನ್ನಾಗಿ ಓಡುತ್ತಿರುವವರು ಬರೆಯುವುದೇ ಅಪರೂಪ.

ದೊಡ್ಡ ಸಂಖ್ಯೆಗಳಿರುವ ಸಾಲುಗಳನ್ನಷ್ಟೇ ನೋಡಿದಾಗ ಎದ್ದು ಕಾಣುವ ಸಂಗತಿ ಬೇರೆಯೇ. ಕಂಪನಿಯಿಂದ ಕಂಪನಿಗೆ ಇರುವುದಕ್ಕಿಂತ ದೊಡ್ಡ ಅಂತರ ಒಂದೇ ಕಂಪನಿಯ ಎರಡು ಮಾಡೆಲ್‌ಗಳ ನಡುವೆ ಇರಬಲ್ಲದು. ಸೀಗೇಟ್‌ನ 3 ಟಿಬಿ ಬ್ಯಾರಾಕುಡಾ, ಮಾಡೆಲ್ ಸಂಖ್ಯೆ ಎಸ್‌ಟಿ3000ಡಿಎಂ001, 2014ರಲ್ಲಿ ಬ್ಯಾಕ್‌ಬ್ಲೇಜ್‌ನಲ್ಲಿ ಶೇ 43ರ ಪ್ರಮಾಣದಲ್ಲಿ ಕೆಟ್ಟಿತು. ಅದೇ ವರ್ಷ, ಅದೇ ಕಂಪನಿಯ 4 ಟಿಬಿ ಡೆಸ್ಕ್‌ಟಾಪ್ ಡಿಸ್ಕು ಶೇ 3ರೊಳಗೇ ಇತ್ತು. 3 ಟಿಬಿಯದನ್ನು ಕೊಂಡು ಕೈಸುಟ್ಟುಕೊಂಡವರು ಸೀಗೇಟ್ ಎಂದರೆ ಇಂದಿಗೂ ಮೂಗು ಮುರಿಯುತ್ತಾರೆ. ಸೀಗೇಟ್ ಪರವಾಗಿ ಒಂದು ಮಾತು ಸೇರಿಸಬೇಕು: ಪ್ರವಾಹದ ನಂತರದ ಅಭಾವದಲ್ಲಿ ಬ್ಯಾಕ್‌ಬ್ಲೇಜ್ ಅಂಗಡಿಗಳಿಂದ ಯುಎಸ್‌ಬಿ ಡಿಸ್ಕುಗಳನ್ನು ಬಾಚಿ ತಂದು, ಕವಚ ಒಡೆದು, ಒಳಗಿನದನ್ನು ಸರ್ವರ್ ಪೆಟ್ಟಿಗೆಗಳಲ್ಲಿ ಜೋಡಿಸಿತ್ತು. ಮನೆಬಳಕೆಗೆ ಮಾಡಿದ ಡಿಸ್ಕು ಹಗಲೂ ರಾತ್ರಿ ಹತ್ತಾರು ಡಿಸ್ಕುಗಳ ನಡುಕದ ನಡುವೆ ದುಡಿಯಬೇಕಾಯಿತು.

ಡೆಸ್ಕ್‌ಸ್ಟಾರ್ ಕತೆ ಇನ್ನೂ ಸೊಗಸಾಗಿದೆ. 2000ದಲ್ಲಿ ಬಂದ ಐಬಿಎಂನ ಡೆಸ್ಕ್‌ಸ್ಟಾರ್ 75ಜಿಎಕ್ಸ್‌ಪಿ ಎಷ್ಟು ಕೆಟ್ಟಿತೆಂದರೆ ಗಿರಾಕಿಗಳು ಕೋರ್ಟು ಹತ್ತಿದರು, ಡಿಸ್ಕಿಗೆ ‘ಡೆತ್‌ಸ್ಟಾರ್’ ಎಂಬ ಅಡ್ಡಹೆಸರು ಬಿತ್ತು. ಆ ವಿಭಾಗ ಹಿಟಾಚಿ ಪಾಲಾಯಿತು, ಡೆಸ್ಕ್‌ಸ್ಟಾರ್ ಹೆಸರು ಹಾಗೇ ಉಳಿಯಿತು. ಹತ್ತು ಹನ್ನೆರಡು ವರ್ಷ ಕಳೆದ ಮೇಲೆ ಬ್ಯಾಕ್‌ಬ್ಲೇಜ್ ಪಟ್ಟಿಯಲ್ಲಿ ಅತಿ ಕಡಿಮೆ ಕೆಟ್ಟವುಗಳ ಸಾಲಿನಲ್ಲಿ ಇದ್ದದ್ದು ಅದೇ ಡೆಸ್ಕ್‌ಸ್ಟಾರ್‌ಗಳು. ಕಂಪನಿಯ ಹೆಸರು ನೋಡಿ ಕೊಳ್ಳುವವರು ಎರಡು ಸಲವೂ ಮೋಸ ಹೋಗುತ್ತಿದ್ದರು. ಹಾಗೆಂದು ಮಾಡೆಲ್ ನೋಡಿ ಕೊಳ್ಳುತ್ತೇನೆ ಎಂದರೆ ಅದಕ್ಕೂ ತೊಡಕುಂಟು. ಮಾಡೆಲ್ಲೊಂದರ ಬಗ್ಗೆ ನಂಬುವಂಥ ಅಂಕಿ ಕೂಡಿಬರಲು ಎರಡು ಮೂರು ವರ್ಷ ಬೇಕು, ಅಷ್ಟರಲ್ಲಿ ಅಂಗಡಿಯಲ್ಲಿ ಬೇರೆ ಮಾಡೆಲ್ ಬಂದಿರುತ್ತದೆ. ಅದಕ್ಕೇ ನನ್ನ ಮಟ್ಟಿಗೆ ಆ ಪಟ್ಟಿಯ ಉಪಯೋಗ ಒಳ್ಳೆಯದನ್ನು ಹೆಕ್ಕುವುದಕ್ಕಲ್ಲ, ತೀರಾ ಕೆಟ್ಟದ್ದನ್ನು ಬಿಡುವುದಕ್ಕೆ. ಶೇ 1.2 ಮತ್ತು 1.6ರ ನಡುವಿನ ವ್ಯತ್ಯಾಸ ಒಂದೇ ಡಿಸ್ಕು ಕೊಳ್ಳುವವನಿಗೆ ಲೆಕ್ಕಕ್ಕಿಲ್ಲ. ಶೇ 5 ದಾಟಿದ್ದು ಕಂಡರೆ ಬೇರೆ ನೋಡಬಹುದು.

ಈ ಅಂಕಿಗಳೆಲ್ಲ ಡೇಟಾ ಸೆಂಟರಿನವು. ಅಲ್ಲಿನ ಡಿಸ್ಕು ಒಮ್ಮೆ ತಿರುಗಲು ಶುರುವಾದರೆ ನಿಲ್ಲುವುದೇ ಕಡಿಮೆ. ಕರೆಂಟು ಹೋಗುವುದಿಲ್ಲ, ಯಾರೂ ಕಾಲು ತಾಕಿಸುವುದಿಲ್ಲ. ನಮ್ಮ ಮನೆಗಳದು ಬೇರೆ ಪಾಡು. ಡಿಸ್ಕಿನೊಳಗಿನ ತಟ್ಟೆ ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುವಾಗ ಓದುವ ಹೆಡ್ಡು ಅದರಿಂದ ಕೆಲವೇ ನ್ಯಾನೊಮೀಟರ್ ಮೇಲೆ ತೇಲುತ್ತಿರುತ್ತದೆ. ಏಕಾಏಕಿ ಕರೆಂಟು ಹೋದರೆ, ಇನ್ನೂ ತಿರುಗುತ್ತಿರುವ ತಟ್ಟೆಯ ವೇಗದಿಂದಲೇ ಮೋಟಾರು ಒಂದಿಷ್ಟು ವಿದ್ಯುತ್ ಹುಟ್ಟಿಸಿ ಹೆಡ್ಡನ್ನು ಬದಿಗೆ ಎಳೆದುಬಿಡುತ್ತದೆ. ಜಾಣ ಏರ್ಪಾಡೇ, ಆದರೆ ಸರಿಯಾಗಿ ಶಟ್‌ಡೌನ್ ಮಾಡಿದಾಗಿನಷ್ಟು ನಯವಾಗಿರುವುದಿಲ್ಲ. ಹೀಗೆ ಎಷ್ಟು ಸಲ ಆಯಿತೆಂದು ಅನೇಕ ಡಿಸ್ಕುಗಳು 192ನೇ ಸಂಖ್ಯೆಯ ಕೆಳಗೆ ಬರೆದಿಟ್ಟುಕೊಳ್ಳುತ್ತವೆ. ದಿನಕ್ಕೆರಡು ಸಲ ಕರೆಂಟು ಹೋಗುವ ಊರಿನವರು ಅದನ್ನು ತೆಗೆದು ನೋಡಬೇಕು. ಅಂಥಲ್ಲಿ ದುಬಾರಿ ಡಿಸ್ಕಿಗೆ ಕೊಡುವ ಹೆಚ್ಚಿನ ದುಡ್ಡನ್ನು ಯುಪಿಎಸ್‌ಗೆ ಹಾಕುವುದು ಮೇಲು. ಬಿಸಿಯ ಬಗ್ಗೆ ಅಷ್ಟೊಂದು ತಲೆ ಕೆಡಿಸಿಕೊಳ್ಳಬೇಕಿಲ್ಲ. ಗೂಗಲ್‌ನವರು 2007ರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ನೋಡಿದಾಗ, ತೀರಾ ಕಾದವನ್ನೂ ಹಳೆಯವನ್ನೂ ಬಿಟ್ಟರೆ, ಬಿಸಿಗೂ ಕೆಡುವುದಕ್ಕೂ ನಿರೀಕ್ಷಿಸಿದಷ್ಟು ನಂಟು ಸಿಗಲಿಲ್ಲ.

192 ಎಂದೆನಲ್ಲ, ಅದು ‘ಸ್ಮಾರ್ಟ್’ ಎಂಬ ದಾಖಲೆಯ ಭಾಗ. ವಿಂಡೋಸ್‌ನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ, ಲಿನಕ್ಸ್‌ನಲ್ಲಿ ಸ್ಮಾರ್ಟ್‌ಮಾನ್‌ಟೂಲ್ಸ್ ಹಾಕಿಕೊಂಡರೆ ಕಾಣುತ್ತದೆ, ಎರಡೂ ಉಚಿತ. ಹತ್ತಿಪ್ಪತ್ತು ಸಾಲು ಬರುತ್ತವೆ, ನಮಗೆ ಬೇಕಾದವು ಕೆಲವೇ. 5ನೆಯದು, ಕೆಟ್ಟ ಸೆಕ್ಟರ್‌ಗಳನ್ನು ಬಿಟ್ಟು ಮೀಸಲು ಜಾಗಕ್ಕೆ ಬದಲಿಸಿಕೊಂಡ ಲೆಕ್ಕ. 197, ಓದಲು ತಿಣುಕಾಡಿ ಇನ್ನೂ ತೀರ್ಮಾನವಾಗದೆ ಬಾಕಿ ಉಳಿದವು. 187 ಮತ್ತು 198, ಸರಿಪಡಿಸಲಾಗದ ತಪ್ಪುಗಳು. ಇವು ಸೊನ್ನೆ ಇರಬೇಕು. 5ನೆಯದರಲ್ಲಿ ನಾಲ್ಕೋ ಎಂಟೋ ಬಂದು ತಿಂಗಳುಗಟ್ಟಲೆ ಅಲ್ಲೇ ನಿಂತಿದ್ದರೆ ಡಿಸ್ಕು ಇನ್ನೂ ಬಾಳೀತು, ವಾರದಿಂದ ವಾರಕ್ಕೆ ಏರುತ್ತಿದ್ದರೆ ಅದರ ಕತೆ ಮುಗಿಯಿತೆಂದೇ ತಿಳಿಯಿರಿ. 199 ಏರುತ್ತಿದ್ದರೆ ಹೆಚ್ಚಿನ ಸಲ ತಪ್ಪು ಡಿಸ್ಕಿನದಲ್ಲ, ಸಾಟಾ ಕೇಬಲ್ಲಿನದು. ನೂರಿನ್ನೂರು ರೂಪಾಯಿಯ ಕೇಬಲ್ ಬದಲಿಸದೆ ಡಿಸ್ಕನ್ನೇ ಎಸೆದವರಿದ್ದಾರೆ. ಸೀಗೇಟ್ ಡಿಸ್ಕಿನ 1ನೇ ಸಾಲಿನಲ್ಲಿ ಕೋಟಿಗಟ್ಟಲೆ ಸಂಖ್ಯೆ ಕಂಡು ಗಾಬರಿಯಾಗಬೇಡಿ, ಅದನ್ನು ಬರೆಯುವ ರೀತಿಯೇ ಹಾಗೆ. ಇನ್ನು ದೊಡ್ಡ ಫೈಲು ಬರೆಯುವಾಗ ವೇಗ ಕುಸಿದು ಡಿಸ್ಕು ಏದುಸಿರು ಬಿಟ್ಟರೆ, ಅದು ದತ್ತಾಂಶದ ಜಾಡುಗಳನ್ನು ಒಂದರ ಮೇಲೊಂದು ಅರ್ಧ ಹಾಸಿ ಬರೆಯುವ ಎಸ್‌ಎಂಆರ್ ಬಗೆಯದಿರಬಹುದು. ನಿಧಾನವೇ ಹೊರತು ರೋಗವಲ್ಲ.

ಸ್ಮಾರ್ಟ್ ಸುಮ್ಮನಿದೆ ಎಂದು ನೆಮ್ಮದಿಯಾಗಿಯೂ ಇರುವಂತಿಲ್ಲ. ಗೂಗಲ್‌ನ ಅದೇ ಲೆಕ್ಕದಲ್ಲಿ, ಕೆಟ್ಟ ಡಿಸ್ಕುಗಳ ಪೈಕಿ ಮೂರನೇ ಒಂದಕ್ಕಿಂತ ಹೆಚ್ಚು ಯಾವ ಮುನ್ಸೂಚನೆಯನ್ನೂ ಕೊಡದೆ ಹೋಗಿದ್ದವು. ಎರಡನೇ ಪ್ರತಿ ಇಟ್ಟುಕೊಳ್ಳಲು ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ. ಅದನ್ನು ಬೇರೆ ಮಾಡೆಲ್‌ನ, ಬೇರೆ ತಿಂಗಳು ಕೊಂಡ ಡಿಸ್ಕಿನಲ್ಲಿ ಇಡಿ. ಒಂದೇ ದಿನ ಒಂದೇ ಡಬ್ಬಿಯಿಂದ ತೆಗೆದ ಅವಳಿಗಳು ಒಂದೇ ವಾರದಲ್ಲಿ ಕೈಕೊಡಬಹುದು.

ಕೊಳ್ಳುವಾಗಿನ ದೊಡ್ಡ ಅಪಾಯ ಈಗೀಗ ಹಳೇ ಮಾಲು. 2025ರ ಆರಂಭದಲ್ಲಿ ಜರ್ಮನಿಯಲ್ಲಿ ಹೊಸದೆಂದು ಮಾರಿದ ಸೀಗೇಟ್ ಡಿಸ್ಕುಗಳು ಅದಾಗಲೇ ಸಾವಿರಾರು ಗಂಟೆ ಓಡಿದ್ದವೆಂದು ಬಯಲಾಯಿತು. ನಡುವಿನ ಯಾರೋ ಸ್ಮಾರ್ಟ್‌ನ ಗಂಟೆ ಲೆಕ್ಕವನ್ನು ಅಳಿಸಿದ್ದರು. ಸೀಗೇಟ್ ಡಿಸ್ಕುಗಳ ಒಳಗಿನ ‘ಫಾರ್ಮ್’ ಎಂಬ ಇನ್ನೊಂದು ದಾಖಲೆ ಮಾತ್ರ ಹಾಗೇ ಉಳಿದು ಗುಟ್ಟು ಬಿಟ್ಟುಕೊಟ್ಟಿತು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೊಂಡರೂ ಆನ್‌ಲೈನ್‌ನಲ್ಲಿ ತರಿಸಿದರೂ ಬಿಲ್ಲು ಪಡೆಯಿರಿ, ಸೀರಿಯಲ್ ನಂಬರನ್ನು ಕಂಪನಿಯ ಜಾಲತಾಣದಲ್ಲಿ ಹಾಕಿ ಭಾರತದಲ್ಲಿ ಎಂದಿನವರೆಗೆ ವಾರಂಟಿ ಇದೆ ನೋಡಿ. ಮನೆಗೆ ತಂದ ದಿನವೇ ಸ್ಮಾರ್ಟ್‌ನ 9ನೇ ಸಾಲು ನೋಡಿ, ಅದು ಓಡಿದ ಗಂಟೆಗಳ ಲೆಕ್ಕ. ಹೊಸದಾದರೆ ಒಂದಂಕಿಯೊಳಗಿರಬೇಕು. ಸೀಗೇಟ್ ಆದರೆ ಫಾರ್ಮ್‌ನ ಲೆಕ್ಕಕ್ಕೂ ತಾಳೆ ನೋಡಿ. ಆಮೇಲೆ ಸ್ಮಾರ್ಟ್‌ನ ದೀರ್ಘ ಪರೀಕ್ಷೆ ಹಚ್ಚಿ. ಅದು ಒಂದೊಂದು ಸೆಕ್ಟರನ್ನೂ ಓದುತ್ತ ಹೋಗುವುದರಿಂದ 4 ಟಿಬಿ ಡಿಸ್ಕಿಗೆ ಏಳೆಂಟು ಗಂಟೆ ಹಿಡಿಯುತ್ತದೆ. ರಾತ್ರಿ ಹಚ್ಚಿ ಮಲಗಬಹುದು. ಬೆಳಿಗ್ಗೆ ಎದ್ದು ನೋಡಿದಾಗ ಪರೀಕ್ಷೆ ನಡುವೆಯೇ ನಿಂತಿದ್ದರೆ, ಇಲ್ಲವೇ 5 ಮತ್ತು 197 ಸೊನ್ನೆಯಾಗಿಲ್ಲದಿದ್ದರೆ, ಒಂದು ಫೋಟೊವನ್ನೂ ಅದಕ್ಕೆ ಹಾಕದೆ ಡಬ್ಬಿ, ಬಿಲ್ಲು ಸಮೇತ ವಾಪಸ್ ಕೊಟ್ಟು ಬೇರೆ ತನ್ನಿ. ಅಂಗಡಿಯವರು ಬದಲಿಸಿಕೊಡುವುದು ಮೊದಲ ಕೆಲವು ದಿನ ಮಾತ್ರ, ಆಮೇಲೆ ಸರ್ವಿಸ್ ಸೆಂಟರಿನ ದಾರಿ ತೋರಿಸುತ್ತಾರೆ.